ಟೇಸ್ಟಿಂಗ್ ಪೌಡರ್ ಎಷ್ಟು ಬಿತ್ತು?

ಸಂಜೆ ಹೊತ್ತು ಗೋಬಿ ಗಾಡಿಯ ಪಕ್ಕ ನಿಂತು ನೋಡಿ. ಬಾಣಲೆಯಲ್ಲಿ ಈರುಳ್ಳಿ, ಕ್ಯಾಪ್ಸಿಕಂ ಚುರ್ರೆನ್ನುವಾಗ ಸೌಟಿನ ತುದಿ ಒಮ್ಮೆ ಉಪ್ಪಿನ ಡಬ್ಬಿಗೆ, ಒಮ್ಮೆ ಬಿಳಿ ಹರಳಿನ ಇನ್ನೊಂದು ಡಬ್ಬಿಗೆ ಹೋಗಿ ಬರುತ್ತದೆ. ಅದೇ ಟೇಸ್ಟಿಂಗ್ ಪೌಡರ್, ಅಂದರೆ ಅಜಿನೊಮೊಟೊ. ಬಿದ್ದದ್ದು ಅರ್ಧ ಗ್ರಾಮೋ ಎರಡು ಗ್ರಾಮೋ, ಹಾಕಿದವನಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ.

ಇದರ ಬಗ್ಗೆ ಭಯವೇನೋ ಬೇಕಾದಷ್ಟಿದೆ. 1968ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಹೋ ಮನ್ ಕ್ವಾಕ್, ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕತ್ತು ಜೋಮು ಹಿಡಿಯುತ್ತದೆ ಎಂದು ವೈದ್ಯಕೀಯ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಸೋಯಾ ಸಾಸೋ, ಅಡುಗೆಯ ವೈನೋ, ಈ ಪುಡಿಯೋ ಎಂಬ ಅನುಮಾನ ಅವರಿಗೇ ಇತ್ತು. ಜನ ಮಾತ್ರ ಪುಡಿಯನ್ನೇ ಹಿಡಿದುಕೊಂಡರು. ಮುಂದೆ ನಡೆದ ಪರೀಕ್ಷೆಗಳಲ್ಲಿ, ಖಾಲಿ ಹೊಟ್ಟೆಗೆ ಮೂರು ಗ್ರಾಂಗಿಂತ ಹೆಚ್ಚು ಕೊಟ್ಟಾಗ ಕೆಲವರಿಗೆ ತಲೆನೋವು, ಬೆವರು ಕಂಡಿತು; ಅದೂ ಪ್ರತಿ ಸಲವಲ್ಲ. ಟೊಮೆಟೊದಲ್ಲೂ ತಾಯಿಯ ಹಾಲಿನಲ್ಲೂ ಇರುವ ಗ್ಲುಟಮೇಟೇ ಇದು. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದರು, ಅಷ್ಟೆ.

ಹಾಗಂತ ಲೆಕ್ಕ ಬೇಡವೆ? 1987ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ದಿನದ ಮಿತಿಯೇ ಬೇಕಿಲ್ಲ ಎಂದಿತ್ತು. 2017ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿತು: ದೇಹದ ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂ. ಇಪ್ಪತ್ತು ಕಿಲೋ ತೂಗುವ ಮಗುವಿಗೆ 600 ಮಿಲಿಗ್ರಾಂ. ಇದು ಗ್ಲುಟಮೇಟಿನ ಲೆಕ್ಕ; ಪುಡಿಯ ಲೆಕ್ಕದಲ್ಲಿ ಮುಕ್ಕಾಲು ಗ್ರಾಮಿನ ಆಸುಪಾಸು. ಅಲ್ಲಿನ ಮಕ್ಕಳಲ್ಲೇ ಹಲವರು ಅದನ್ನು ಮೀರುತ್ತಾರೆ ಎಂದೂ ಅಂದಾಜಿಸಿತು. ಮೀರಿದ ತಕ್ಷಣ ವಿಷವೇರುವುದಿಲ್ಲ. ಪ್ರಾಣಿಗಳಿಗೆ ತೊಂದರೆ ಮಾಡದ ಪ್ರಮಾಣದ ಸುಮಾರು ನೂರನೇ ಒಂದು ಪಾಲಿಗೆ ಇಳಿಸಿ ಎಳೆದ ಗೆರೆ ಅದು. ಆದರೆ ನಮ್ಮ ಮಕ್ಕಳು ಗೆರೆಯ ಯಾವ ಕಡೆ ಇದ್ದಾರೆ ಎಂದು ಹೇಳಬೇಕಾದರೆ ಮೊದಲು ತಿಂದದ್ದು ಎಷ್ಟು ಎಂಬುದು ತಿಳಿಯಬೇಕು. ಕುರುಕಲು ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಈ ಪುಡಿಯ ಗುರುತಾದ 621 ಎಂಬ ಅಂಕಿ ಸಿಗುತ್ತದೆ. ಪ್ರಮಾಣ ಸಿಗುವುದಿಲ್ಲ.

ನನ್ನನ್ನು ಕೇಳಿದರೆ, ಹೆಚ್ಚು ಹೆದರಬೇಕಾದದ್ದು ಪಕ್ಕದ ಉಪ್ಪಿನ ಡಬ್ಬಿಗೆ. ಉಪ್ಪಿನಲ್ಲಿ ಸೋಡಿಯಂ ಶೇ 39, ಈ ಪುಡಿಯಲ್ಲಿ ಶೇ 12. ಗೋಬಿಗೆ ಎರಡೂ ಬೀಳುತ್ತವೆ, ಮೇಲೆ ಸೋಯಾ ಸಾಸು ಬೇರೆ.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಸರಿಯೇ. ಈ ಪುಡಿಗೆ ನಿಷೇಧ ಬೇಕಿಲ್ಲ. ಪೊಟ್ಟಣದ ಮೇಲೆ ಎಷ್ಟು ಮಿಲಿಗ್ರಾಂ ಎಂದು ಅಚ್ಚು ಹಾಕುವುದನ್ನು ಆಹಾರ ಪ್ರಾಧಿಕಾರ ಕಡ್ಡಾಯ ಮಾಡಲಿ.