ಗಡಿ ಕಾದವರು, ಗೆದ್ದಿ ಕಾದವರು



ಈ ಸಲದ ಭಿತ್ತಿಪತ್ರಿಕೆಗೆ ಕತೆ, ಒಗಟು, ಚುಟುಕ ಎಲ್ಲ ಬೇರೆಯವರು ಕೊಟ್ಟಾಗಿದೆ. ಹಾಗಾಗಿ ನಾನು ನನ್ನ ಒಂದು ಅನಿಸಿಕೆಯನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ.

2024ರ ಡಿಸೆಂಬರ್ 24ರಂದು ಜಮ್ಮು ಕಾಶ್ಮೀರದ ಪೂಂಚ್ ಜಿಲ್ಲೆಯಲ್ಲಿ ಸೈನ್ಯದ ವಾಹನ ಕಂದಕಕ್ಕೆ ಬಿದ್ದು 5 ಮಂದಿ ಯೋಧರು ತೀರಿಕೊಂಡರು. ಅವರಲ್ಲಿ 3 ಮಂದಿ ನಮ್ಮ ಕರ್ನಾಟಕದವರು. ಒಬ್ಬರು ನಮ್ಮ ಕುಂದಾಪುರದ ಬೀಜಾಡಿಯ ಅನೂಪ್ ಪೂಜಾರಿ. ಅವರನ್ನು ಊರಿಗೆ ತಂದ ದಿನ ನಾನೂ ಅಪ್ಪಯ್ಯನ ಜೊತೆ ಹೋಗಿದ್ದೆ. ಎಲ್ಲಿ ಕಂಡರೂ ಜನ. ಗುರುತು ಪರಿಚಯ ಇಲ್ಲದವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ತಿರುಗಿ ಬರುವಾಗ ಅಪ್ಪಯ್ಯ ಒಂದೇ ಮಾತು ಹೇಳಿದರು: "ಇವತ್ತ್ ಊರಿಗೆ ಊರೇ ಬಂದಿತ್. ಇನ್ನ್ ಹತ್ತ್ ವರ್ಷ ಆದ್ಮೇಲೆ ಆ ಮನಿಗೆ ಯಾರ್ ಹೋತ್ರ್?"

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಯಾಕೆಂದರೆ ನಮ್ಮದೂ ಮಿಲ್ಟ್ರಿಯವರ ಮನೆ.

ನನ್ನ ಅಜ್ಜಯ್ಯ 1971ರ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದರು. ಜೀವಸಹಿತ ತಿರುಗಿ ಬಂದರು, ಬೇಸಾಯ ಮಾಡಿದರು, ವಯಸ್ಸಾಗಿ ಮನೆಯಲ್ಲೇ ತೀರಿಕೊಂಡರು. ಅವರ ಸಂಗ್ರಾಮ ಪದಕ ಈಗ ಅಜ್ಜಿಯ ತಗಡಿನ ಟ್ರಂಕಿನಲ್ಲಿದೆ. ಯುದ್ಧ ಡಿಸೆಂಬರ್ 16ಕ್ಕೆ ಮುಗಿಯಿತು ಅಂತ ನಾವು ಪಾಠದಲ್ಲಿ ಓದುತ್ತೇವೆ. ಆದರೆ ಅಜ್ಜಿಗೆ ಮುಗಿದದ್ದು ಅಜ್ಜಯ್ಯನ ಕಾಗದ ಬಂದ ದಿನ. ಅದಕ್ಕೆ ಮತ್ತೂ ಒಂದು ತಿಂಗಳು ಹಿಡಿಯಿತಂತೆ. ಅಲ್ಲಿಯವರೆಗೆ ದಿನಾ ಅಂಚೆಯವರು ಬರುವ ದಾರಿ ಕಾಯುವುದು. ಕಾಗದ ಬಂದರೆ ಜೀವ, ತಂತಿ ಬಂದರೆ ಕೆಟ್ಟ ಸುದ್ದಿ. ಅದರ ನಡುವೆಯೇ ನಟ್ಟಿ, ಕೊಯ್ಲು, ದನ ಕರು, ಅತ್ತೆ ಮಾವನ ಆರೈಕೆ ಎಲ್ಲ ಅಜ್ಜಿಯದ್ದೇ. ಅಜ್ಜಿ ಹೇಳುವುದು: "ಅವ್ರ್ ಗಡಿ ಕಾದ್ರ್, ನಾನ್ ಗೆದ್ದಿ ಕಾದೆ."

ಒಮ್ಮೆ ಒಂದು ಸಮಾರಂಭಕ್ಕೆ ಅಜ್ಜಿಯನ್ನು ಕರೆದು ಶಾಲು ಹೊದಿಸಿದರು. ಮೈಕಿನಲ್ಲಿ "ಮಾಜಿ ಸೈನಿಕರ ಪತ್ನಿ" ಅಂದರು, ಅಷ್ಟೇ. ಅಜ್ಜಯ್ಯನ ಹೆಸರೂ ಇಲ್ಲ, ಅಜ್ಜಿಯ ಹೆಸರೂ ಇಲ್ಲ. ಮನೆಗೆ ಬಂದು ಶಾಲು ಮಡಚಿ ಟ್ರಂಕಿಗೆ ಹಾಕುವಾಗ ಅಜ್ಜಿ ಅಂದರು: "ಶಾಲ್ ಲಾಯ್ಕ್ ಇತ್. ಹೆಸ್ರ್ ಒಂದ್ ಕೇಂಡಿದ್ರೆ ಸಾಕಿತ್."

ನಮ್ಮ ಹಿರಿಯರು ಹೀಗಿರಲಿಲ್ಲ. ಬಾರ್ಕೂರು, ಬಸ್ರೂರು ಕಡೆ ಹೋದರೆ ವೀರಗಲ್ಲು ಕಾಣಸಿಗುತ್ತವೆ. ಕೆಳಗಿನ ಸಾಲಿನಲ್ಲಿ ಯುದ್ಧ, ನಡುವೆ ವೀರನನ್ನು ಕರೆದುಕೊಂಡು ಹೋಗುವ ಅಪ್ಸರೆಯರು, ಮೇಲೆ ಸ್ವರ್ಗ. ಆ ಕಾಲದವರು ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ. ಹೋರಾಡಿ ಸತ್ತವರ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕಲ್ಲು ಸತ್ತವರಿಗೆ, ಕೊಡಗೆ ಉಳಿದವರಿಗೆ. ಎಷ್ಟು ದೊಡ್ಡ ಯೋಚನೆ ಅಲ್ದಾ?

ಈಗಲೂ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ದೆಹಲಿಯಲ್ಲಿ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಕೆತ್ತಿದ್ದಾರೆ. 2023ರಲ್ಲಿ 'ನನ್ನ ಮಣ್ಣು ನನ್ನ ದೇಶ' ಕಾರ್ಯಕ್ರಮದಲ್ಲಿ ಪಂಚಾಯತುಗಳಲ್ಲಿ ಶಿಲಾಫಲಕ ನಿಲ್ಲಿಸಿದರು. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಅದೇ ದಿನ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. ಆದರೆ ನಮ್ಮ ಕಡೆ ಅಂದು ಮಾರಣಕಟ್ಟೆ ಜಾತ್ರೆಯ ಗೌಜಿ. ಮಾಜಿ ಸೈನಿಕರ ದಿನ ಅಂತ ಎಷ್ಟು ಜನರಿಗೆ ನೆನಪಿರುತ್ತದೆ?

ಕೆಲವರು ಹೇಳಬಹುದು, "ಅವರಿಗೆ ಪಿಂಚಣಿ ಬತ್ತಲ್ದಾ, ಮತ್ತೆಂತ ಬೇಕು?" ಪಿಂಚಣಿ ಅವರ ದುಡಿಮೆಯ ಹಕ್ಕು. ಅದು ಬ್ಯಾಂಕಿಗೆ ಬರುತ್ತದೆ. ನೆನಪು ಬ್ಯಾಂಕಿಗೆ ಬರುವುದಿಲ್ಲ, ಅದನ್ನು ಊರವರೇ ಕೊಡಬೇಕು. ಇನ್ನು ಕೆಲವರು, ಪ್ರಾಣ ಕೊಟ್ಟವರ ಹೆಸರು ಮಾತ್ರ ಕಲ್ಲಿನ ಮೇಲೆ ಇರಬೇಕು ಅನ್ನುತ್ತಾರೆ. ಅದು ಸರಿ. ಮೊದಲ ಜಾಗ ಅವರದ್ದೇ. ನಾನು ಕೇಳುವುದು ಕಲ್ಲನ್ನಲ್ಲ. ಒಂದು ಪುಸ್ತಕ, ಒಂದು ಕುರ್ಚಿ, ಅಷ್ಟೇ.

ಪುಸ್ತಕ ಎಂದರೆ 200 ಪುಟದ ಒಂದು ನೋಟ್ ಪುಸ್ತಕ. ನಾವು ಒಬ್ಬೊಬ್ಬರೂ ನಮ್ಮ ನಮ್ಮ ಕೇರಿಯಲ್ಲಿ ವಿಚಾರಿಸಿ, ಯಾವ ಮನೆಯಿಂದ ಯಾರು ಸೈನ್ಯಕ್ಕೆ ಹೋಗಿದ್ದರು, ಯಾವ ವರ್ಷ, ಆಗ ಮನೆ ನೋಡಿಕೊಂಡವರು ಯಾರು ಅಂತ ಬರೆಯಬೇಕು. ಸೈನಿಕರ ಹೆಸರಿನ ಪಕ್ಕದಲ್ಲೇ ಅವರ ತಾಯಿಯ ಹೆಸರು, ಹೆಂಡತಿಯ ಹೆಸರು ಇರಬೇಕು. ಆ ಪುಸ್ತಕ ಶಾಲೆಯ ಕಪಾಟಿನಲ್ಲಿ ಇರಲಿ. ನಾವು ಶಾಲೆ ಬಿಟ್ಟು ಹೋದ ಮೇಲೆ ಕೆಳಗಿನ ತರಗತಿಯವರು ಮುಂದುವರಿಸಲಿ.

ಕುರ್ಚಿ ಎಂದರೆ ಆಗಸ್ಟ್ 15ಕ್ಕೆ ಮುಂದಿನ ಸಾಲಿನ ಒಂದು ಕುರ್ಚಿ. ಪ್ರತಿ ವರ್ಷ ಅಂಥ ಒಂದು ಮನೆಯ ಹಿರಿಯರನ್ನು ಅದರಲ್ಲಿ ಕೂರಿಸಿ, ಹೆಸರು ಹಿಡಿದು ಕರೆದು, ಐದು ನಿಮಿಷ ಅವರ ಮಾತು ಕೇಳೋಣ. ಶಾಲು ಇಲ್ಲದಿದ್ದರೂ ಅಡ್ಡಿಲ್ಲ. ಹಾಗೆಯೇ ಡಿಸೆಂಬರ್ 7ರ ಧ್ವಜ ದಿನ ನಾವು ಪುಟ್ಟ ಬಾವುಟ ಅಂಗಿಗೆ ಚುಚ್ಚಿಕೊಂಡ ಮೇಲೆ, ಅಂಥ ಒಂದು ಮನೆಗೆ ಹೋಗಿ ಮಾತಾಡಿಸಿ ಬರೋಣ.

ಗುರುಗಳು ಒಪ್ಪಿದರೆ ಪುಸ್ತಕ ನಾನೇ ತರುತ್ತೇನೆ. ಮೊದಲ ಪುಟಕ್ಕೆ ಬೀಜಾಡಿಯ ಅನೂಪ್ ಪೂಜಾರಿಯವರ ಹೆಸರು. ನನ್ನ ಅಜ್ಜಯ್ಯನ ಹೆಸರು ಎಲ್ಲಿ ಬಂದರೂ ಆದೀತು. ಆದರೆ ಪಕ್ಕದಲ್ಲಿ ಅಜ್ಜಿಯ ಹೆಸರು ಬರೆಯದೆ ನಾನು ಬಿಡುವುದಿಲ್ಲ. ಅಜ್ಜಿಗೆ ಕಣ್ಣು ಮಂಜಾಗುತ್ತಾ ಬಂದಿದೆ. ಅವರು ಓದುವಷ್ಟರಲ್ಲಿ ಬರೆದು ಮುಗಿಸಬೇಕು.

ಜೈ ಜವಾನ್, ಜೈ ಕಿಸಾನ್.

ಇಂತಿ,
9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ