ದಿಲ್ಲಿಯಿಂದ ಅಗ್ಗಕ್ಕೆ ಬರುವ ಡೀಸೆಲ್ ಕಾರು

'ದಿಲ್ಲಿ ಗಾಡಿ ಉಂಟು, ದೊಡ್ಡ ಡೀಸೆಲ್ ಕಾರು, ಕಡಿಮೆಗೆ ಸಿಗ್ತದೆ.' ಈ ಮಾತು ನಮ್ಮ ಮನೆಗಳಲ್ಲಿ ಕೇಳದವರು ಕಡಿಮೆ. ಇಷ್ಟು ಒಳ್ಳೆಯ ಗಾಡಿಯನ್ನು ದಿಲ್ಲಿಯವರು ಯಾಕೆ ಮಾರುತ್ತಾರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕಾರಣ ದಿಲ್ಲಿಯ ಗಾಳಿ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಅಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. ಪೆಟ್ರೋಲಿಗೆ ಮಿತಿ 15 ವರ್ಷ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಪಂಪಿನಲ್ಲಿ ಎಣ್ಣೆಯೇ ಕೊಡಬಾರದು ಎಂದಾಯಿತು. ಜನರ ಆಕ್ಷೇಪ ಜೋರಾಗಿ ಕೆಲವೇ ದಿನಗಳಲ್ಲಿ ಅದು ನಿಂತಿತು. ಆಗಸ್ಟ್‌ನಲ್ಲಿ ಕೋರ್ಟ್, ವಯಸ್ಸು ಒಂದನ್ನೇ ನೋಡಿ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗೆ ಮಾತ್ರ ಉಳಿಯಿತು. ಈ ಗೊಂದಲದಲ್ಲಿ ಎನ್‌ಒಸಿ ಮಾಡಿಸಿ ಹೊರರಾಜ್ಯಕ್ಕೆ ಮಾರುವುದು ಅಲ್ಲಿಯವರಿಗೆ ಸುಲಭದ ದಾರಿ. ಅಲ್ಲಿ ಬೇಡವಾದ ಹೊಗೆ ಇಲ್ಲಿ ಕೆಎ ನಂಬರ್ ಹಾಕಿಕೊಂಡು ಓಡುತ್ತದೆ.

ಪೆಟ್ರೋಲ್ ಏನು ಶುದ್ಧವಾ? ಅಲ್ಲ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಿಟ್ಟು ಒಳಗೆ ಕೂತರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಭೂಮಿ ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬಂದರೆ, ಮೈಲೇಜ್ ಹೆಚ್ಚಿರುವ ಕಾರಣ ಡೀಸೆಲ್ಲೇ ಸ್ವಲ್ಪ ವಾಸಿ. ಆದರೆ ಎದೆಗೆ ಇಳಿಯುವ ಸಣ್ಣ ಮಸಿಕಣ ಮತ್ತು ನೈಟ್ರೋಜನ್ ಆಕ್ಸೈಡ್ ಎರಡರಲ್ಲೂ ಹಳೆ ಡೀಸೆಲ್ ಬಹಳ ಮುಂದೆ. ಬಿಎಸ್-4 ಕಾಲದಲ್ಲಿ ಪೆಟ್ರೋಲ್ ಕಾರು ಕಿಲೋಮೀಟರಿಗೆ 0.08 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು, ಡೀಸೆಲ್ ಕಾರಿಗೆ 0.25 ಗ್ರಾಂ. ಮೂರು ಪಟ್ಟು! ಮಸಿಕಣದ ಮಿತಿ 25 ಮಿಲಿಗ್ರಾಂ ಇದ್ದದ್ದು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ 4.5ಕ್ಕೆ ಇಳಿಯಿತು. ಹೊಸ ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿಲ್ಲಿಯಿಂದ ಬರುವ ಹತ್ತು ವರ್ಷದ ಗಾಡಿಯಲ್ಲಿ ಅದು ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿತ್ತು. ಗಣಿ ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಅಧ್ಯಯನಗಳು ಬಂದ ಮೇಲೆ, 2012ರಲ್ಲಿ ಆ 'ಬಹುಶಃ'ವನ್ನು ತೆಗೆದು ತಂಬಾಕಿನ ಸಾಲಿಗೇ ಸೇರಿಸಿತು. ಪೆಟ್ರೋಲ್ ಎಂಜಿನ್ನಿನ ಹೊಗೆ 'ಸಾಧ್ಯತೆ ಇದೆ' ಎಂಬ ಕೆಳಗಿನ ಗುಂಪಿನಲ್ಲೇ ಉಳಿಯಿತು. ಬೀಡಿ ಸೇದಬೇಡ ಎಂದು ಮಗನಿಗೆ ಬೈಯುವ ನಾವು, ಬೆಳಿಗ್ಗೆ ಅಂಗಳದಲ್ಲಿ ಹತ್ತು ನಿಮಿಷ ಡೀಸೆಲ್ ಗಾಡಿ ಸ್ಟಾರ್ಟ್ ಮಾಡಿ ಬಿಡುತ್ತೇವೆ. ಅದೂ ಹೊಗೆಯೇ ಮಾರಾಯ್ರೆ.

'ಎಮಿಷನ್ ಟೆಸ್ಟ್ ಪಾಸ್ ಆಗಿದೆಯಲ್ಲ?' ಅಂತ ಕೆಲವರು ಕೇಳುತ್ತಾರೆ. ಆ ಟೆಸ್ಟಿನಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ಕಪ್ಪಗಿದೆ ಅಂತ ಮಾತ್ರ ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಉಬ್ಬಸ ಇರುವ ಮಗುವಿಗೆ ಕಷ್ಟ ಕೊಡುವುದು ಆ ಕಣ್ಣಿಗೆ ಕಾಣದ ಅನಿಲವೂ ಹೌದು.

ಲಾರಿ, ಮೀನಿನ ಪಿಕಪ್, ಬೋಟ್ ಇಟ್ಟುಕೊಂಡವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಹೊಟ್ಟೆಪಾಡೇ ಡೀಸೆಲಿನಲ್ಲಿದೆ, ಸದ್ಯಕ್ಕೆ ಬೇರೆ ದಾರಿಯೂ ಕಡಿಮೆ. ಮಾತು ಇರುವುದು ಮನೆ ಕಾರಿನ ಬಗ್ಗೆ. ತಿಂಗಳಿಗೆ 600 ಕಿ.ಮೀ. ಓಡುವ ಮನೆಯ ಲೆಕ್ಕ ಹಾಕಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 40 ಲೀಟರ್ ಬೇಕು, 20 ಕೊಡುವ ಡೀಸೆಲಿಗೆ 30. ಲೀಟರಿನ ದರದಲ್ಲಿ ಹತ್ತು ಹನ್ನೆರಡು ರೂಪಾಯಿ ವ್ಯತ್ಯಾಸ ಸೇರಿಸಿದರೂ ಉಳಿಯುವುದು ಸುಮಾರು 1,400 ರೂಪಾಯಿ. ಹಳೆ ಗಾಡಿಯ ಟರ್ಬೊ, ಇಂಜೆಕ್ಟರ್ ಒಮ್ಮೆ ಕೈಕೊಟ್ಟರೆ ವರ್ಷದ ಉಳಿತಾಯ ಮೆಕಾನಿಕ್ಕಿನ ಬಿಲ್ಲಿಗೆ ಹೋಗುತ್ತದೆ. ಇಲ್ಲಿ ಕಟ್ಟಬೇಕಾದ ರೋಡ್ ಟ್ಯಾಕ್ಸ್ ಬೇರೆ.

ತೆಗೆಯಲೇಬೇಕು ಎನ್ನುವವರು ಅಡ್ವಾನ್ಸ್ ಕೊಡುವ ಮೊದಲು ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ, ಅದು ಬಿಎಸ್-4ಆ, ಬಿಎಸ್-6ಆ ಅಂತ ನೋಡಿ. ಬಿಎಸ್-6 ಡೀಸೆಲ್ ಆದರೆ ಫಿಲ್ಟರ್ ಕಿತ್ತು ಹಾಕಿಲ್ಲ ಎಂದು ಪರಿಚಯದ ಮೆಕಾನಿಕ್ ಹತ್ತಿರ ತೋರಿಸಿ. ದಿನಾ ಪೇಟೆಗೆ ಮಾತ್ರ ಹೋಗಿ ಬರುವ ಗಾಡಿಯಲ್ಲಿ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಆಗಾಗ ಹೈವೇಯಲ್ಲಿ ಒಂದಷ್ಟು ದೂರ ಓಡಿಸಬೇಕು.