ಮರಳಿ ಬರುವ ಮಾತಿಗೆ ಪುರಾವೆ ಯಾವುದು?

ಅಮೆರಿಕದ ಕಾನ್ಸುಲೇಟ್ ಬೆಂಗಳೂರಿಗೆ ಬರಬೇಕೆಂಬುದು ಈ ನಗರದ ಹಳೆಯ ಬೇಡಿಕೆ. 2023ರ ಜೂನ್‌ನಲ್ಲಿ ಪ್ರಧಾನಿಯವರು ವಾಷಿಂಗ್ಟನ್‌ಗೆ ಭೇಟಿ ನೀಡಿದಾಗ ಈ ಕುರಿತ ಘೋಷಣೆ ಹೊರಬಿದ್ದಿತು. 2025ರ ಜನವರಿ 17ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರ ಉಪಸ್ಥಿತಿಯಲ್ಲಿ ಚಾಲನೆಯೂ ದೊರೆಯಿತು. ಆದರೆ ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ. ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಹೊರಟ ಜಯನಗರ, ಜೆ.ಪಿ. ನಗರ, ಬನಶಂಕರಿಯ ಹಿರಿಯರು ವರ್ಷಗಳಿಂದ ಚೆನ್ನೈಗೆ ಹೋಗಿ, ಬೆರಳಚ್ಚಿಗೊಮ್ಮೆ, ಸಂದರ್ಶನಕ್ಕೊಮ್ಮೆ ಸರತಿಯಲ್ಲಿ ನಿಂತವರೇ. 79 ವರ್ಷ ಮೀರಿದವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಸಂದರ್ಶನ ವಿನಾಯಿತಿಯೂ 2025ರ ಸೆಪ್ಟೆಂಬರ್ 2ರಿಂದ ರದ್ದಾಯಿತು.

ಕಚೇರಿ ಹತ್ತಿರ ಬಂದರೆ ಈ ಪ್ರಯಾಸ ತಗ್ಗೀತು. ಆದರೆ ವೀಸಾ ಸಿಗುವುದು ಬಿಡುವುದು ದೂರವನ್ನು ಅವಲಂಬಿಸಿಲ್ಲ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲಿಯೇ ನೆಲೆಸಲು ಹೊರಟವರೆಂದೇ ಮೊದಲಿಗೆ ಭಾವಿಸತಕ್ಕದ್ದು. ಹಾಗಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡಿಕೊಡುವ ಹೊಣೆ ಅರ್ಜಿದಾರರದು. ಅಪರಾಧ ಪ್ರಕರಣದಲ್ಲಿ ಆರೋಪಿಗೆ ಸಲ್ಲುವ ಅನುಮಾನದ ಲಾಭ ಇಲ್ಲಿ ಸಲ್ಲುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಇದನ್ನು ಮಾಹಿತಿಯ ಅಸಮತೋಲನ ಎನ್ನುತ್ತೇವೆ. ಅಕರ್‌ಲಾಫ್, ಸ್ಪೆನ್ಸ್, ಸ್ಟಿಗ್ಲಿಟ್ಸ್ ಅವರಿಗೆ 2001ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ ವಿಚಾರವದು. ಮರಳುವ ಉದ್ದೇಶ ನನ್ನಲ್ಲಿ ಉಂಟೋ ಇಲ್ಲವೋ ಎಂಬುದು ನನಗೆ ಗೊತ್ತು, ಕಿಟಕಿಯಾಚೆಯ ಅಧಿಕಾರಿಗೆ ಗೊತ್ತಿಲ್ಲ. ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕಾದ ಆತ ಹೊರನೋಟಕ್ಕೆ ಸಿಗುವ ಕುರುಹುಗಳ ಮೊರೆ ಹೋಗುತ್ತಾನೆ: ವಯಸ್ಸು, ಉದ್ಯೋಗ, ಪಿಂಚಣಿ, ಮನೆ, ಸಂಸಾರ, ಹಿಂದಿನ ಪ್ರವಾಸಗಳು.

ನನಗೂ ನನ್ನ ಪತ್ನಿಗೂ ಈ ವೀಸಾ ಮೊದಲ ಯತ್ನದಲ್ಲೇ ದೊರೆಯಿತು. ಮನೆಯ ಕ್ರಯಪತ್ರ, ತೆರಿಗೆ ರಸೀದಿ, ಠೇವಣಿ ಪತ್ರಗಳ ದಪ್ಪ ಕಡತವನ್ನೇ ಒಯ್ದಿದ್ದೆವು. ಅಧಿಕಾರಿ ಕೇಳಿದ್ದು ಮೂರೇ ಪ್ರಶ್ನೆ: ಯಾರನ್ನು ನೋಡಲು ಹೋಗುತ್ತೀರಿ, ಎಷ್ಟು ದಿನ, ನಿವೃತ್ತಿಗೆ ಮುನ್ನ ಏನು ಕೆಲಸ. ಕಡತದ ದಾರ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಬರೆದದ್ದಕ್ಕೂ ಬಾಯಲ್ಲಿ ಹೇಳಿದ್ದಕ್ಕೂ ತಾಳೆಯಾಗಬೇಕು, ಅದೇ ಮುಖ್ಯ.

ಆದ್ದರಿಂದಲೇ ಬಾಣಂತನಕ್ಕೆ ಹೋಗುವವರಿಗೆ ‘ನಯಾಗರಾ ನೋಡಲು’ ಎಂದು ಹೇಳಿಕೊಡುವ ಮಧ್ಯವರ್ತಿಗಳಿಂದ ದೂರವಿರುವುದು ಕ್ಷೇಮ. 214(ಬಿ) ಅಡಿಯಲ್ಲಿ ತಿರಸ್ಕೃತರಾದವರು ಮತ್ತೆ ಅರ್ಜಿ ಹಾಕಬಹುದು. ಆದರೆ ಸುಳ್ಳು ಹೇಳಿಕೆ ಅಥವಾ ಖೊಟ್ಟಿ ದಾಖಲೆ ಸಾಬೀತಾದರೆ ಆಜೀವ ಅನರ್ಹತೆಯೇ ಎದುರಾಗಬಹುದು. ಹತ್ತು ವರ್ಷದ ವೀಸಾ ಸಿಕ್ಕಿತೆಂದು ಹತ್ತು ವರ್ಷ ಅಲ್ಲಿರಲಾಗದು ಎಂಬುದೂ ನೆನಪಿರಬೇಕು. ಪ್ರತಿ ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂದು ನಿರ್ಧರಿಸುವವರು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿಗಳು.

ನಮ್ಮಂಥವರಿಗೆ ವೀಸಾ ಸುಲಭವಾಗಿ ಸಿಕ್ಕಿದ್ದಕ್ಕೆ ನಮ್ಮ ಸಾಚಾತನವೊಂದೇ ಕಾರಣವೆಂದು ಬೀಗುವುದು ತರವಲ್ಲ. ಪಿಂಚಣಿ, ಸ್ವಂತ ಮನೆ, ಇಳಿವಯಸ್ಸು ನಮ್ಮ ಪರವಾಗಿ ಸಾಕ್ಷಿ ನುಡಿದಿವೆ. ಜಯನಗರದಿಂದ ಎರಡು-ಮೂರು ಕಿಲೋಮೀಟರು ಆಚೆ, ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ ಕೋಣೆ ಹಂಚಿಕೊಂಡು ಬದುಕುವ ಯುವಕ-ಯುವತಿಯರನ್ನು ಗಮನಿಸಿ. ಅಕ್ಕನ ಮನೆಗೆ ಹದಿನೈದು ದಿನದ ಮಟ್ಟಿಗೆ ಹೋಗಿಬರುವ ಆಸೆ ಅವರದೂ ಪ್ರಾಮಾಣಿಕವೇ. ಆದರೆ ಮದುವೆಯಾಗಿಲ್ಲ, ಆಸ್ತಿಯಿಲ್ಲ, ಕೆಲಸಕ್ಕೆ ಸೇರಿ ವರ್ಷವಾಗಿಲ್ಲ. ಬೇರು ಬಿಡುವ ವಯಸ್ಸಿನವರನ್ನು ಬೇರಿನ ಪುರಾವೆ ಕೇಳುವ ವ್ಯವಸ್ಥೆಯಿದು. 2023ರ ಜೂನ್‌ನಲ್ಲಿ 160 ಡಾಲರಿನಿಂದ 185 ಡಾಲರಿಗೆ ಏರಿದ ಅರ್ಜಿ ಶುಲ್ಕವೂ ತಿರಸ್ಕಾರವಾದರೆ ಮರಳದು. ಕೈಗೆ ಬರುವುದು ಕಲಮಿನ ಸಂಖ್ಯೆ ನಮೂದಿಸಿದ ಅಚ್ಚಿನ ಪತ್ರ; ಮೇಲ್ಮನವಿಗೆ ಅವಕಾಶವಿಲ್ಲ.

ಯುರೋಪಿನ ಷೆಂಗೆನ್ ವೀಸಾದ ಕ್ರಮ ಈ ವಿಷಯದಲ್ಲಿ ತುಸು ಭಿನ್ನ. ಅಲ್ಲಿಯೂ ಸಂಶಯವಿದೆ, ಶುಲ್ಕವೂ ಹಿಂದಿರುಗದು. ಆದರೆ 2009ರ ವೀಸಾ ಸಂಹಿತೆಯ ಪ್ರಕಾರ, ನಿರಾಕರಿಸುವಾಗ ನಿಗದಿತ ನಮೂನೆಯಲ್ಲಿ ಕಾರಣ ತಿಳಿಸಬೇಕು, ಮೇಲ್ಮನವಿಗೂ ಅವಕಾಶವಿದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗಾಗಿ ತಂದ ಬದಲಾವಣೆಯೂ ಗಮನಾರ್ಹ. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಕಾನೂನುಬದ್ಧವಾಗಿ ಬಳಸಿದವರು ಎರಡು ವರ್ಷದ, ತದನಂತರ ಐದು ವರ್ಷದ ವೀಸಾ ಪಡೆಯಬಹುದು. ಹೇಳಿದ ದಿನಕ್ಕೆ ಮರಳಿ ಬಂದ ನಡತೆಯೇ ಇಲ್ಲಿ ಆಸ್ತಿಯ ಸ್ಥಾನ ಪಡೆಯುತ್ತದೆ. ಪಿ.ಜಿ.ಯಲ್ಲಿರುವ ಯುವಕನೂ ಗಳಿಸಬಹುದಾದ ಆಸ್ತಿಯದು. ಆದರೂ ಮೊದಲ ಎರಡು ವೀಸಾ ದಕ್ಕುವವರೆಗೆ ಅವನ ಕಷ್ಟ ತಪ್ಪಿದ್ದಲ್ಲ.

ವೀಸಾ ಹಕ್ಕಲ್ಲ, ಆತಿಥೇಯ ದೇಶದ ವಿವೇಚನೆ ಎಂಬ ವಾದ ಸರಿಯೇ. ಒಂದು ಕಾಲದಲ್ಲಿ ನಮ್ಮ ಪಾಸ್‌ಪೋರ್ಟಿನ ಬಗ್ಗೆಯೂ ಸರ್ಕಾರ ಇದೇ ವಾದ ಹೂಡುತ್ತಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ವಿದೇಶ ಪ್ರಯಾಣವೂ ವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದಿತು. ಅದೇ ವರ್ಷ ಬಂದ ಪಾಸ್‌ಪೋರ್ಟ್ ಕಾಯ್ದೆ, ನಿರಾಕರಣೆಗೆ ಕಾರಣ ದಾಖಲಿಸುವುದನ್ನು ಕಡ್ಡಾಯಗೊಳಿಸಿ ಮೇಲ್ಮನವಿಯ ದಾರಿ ತೆರೆಯಿತು. ಸರ್ಕಾರಿ ಸೇವೆಯಲ್ಲಿ ನಾನು ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು: ಅರ್ಜಿ ತಿರಸ್ಕರಿಸುವ ಅಧಿಕಾರವುಳ್ಳವನಿಗೆ ಸಕಾರಣ ಆದೇಶ ಬರೆಯುವ ಹೊಣೆಯೂ ಉಂಟು. ಕಾರಣ ಬರೆಯಲು ಕುಳಿತಾಗಲೇ ಎಷ್ಟೋ ಬಾರಿ ನಿರ್ಧಾರ ತಪ್ಪೆಂಬುದು ಹೊಳೆಯುತ್ತದೆ.

ವೀಸಾ ಕುರಿತ ಮಾತುಕತೆಗಳಲ್ಲಿ ನಮ್ಮ ಸರ್ಕಾರ ಕಾಯುವ ಅವಧಿ, ಕಚೇರಿಗಳ ಸಂಖ್ಯೆಗಳ ಜತೆಗೆ ಎರಡು ಅಂಶಗಳನ್ನು ಪಟ್ಟು ಹಿಡಿದು ಕೇಳಬೇಕು: ನಿರಾಕರಣೆಗೆ ಸ್ಪಷ್ಟ ಕಾರಣ, ಸಕಾಲಕ್ಕೆ ಮರಳಿದವರಿಗೆ ಮುಂದಿನ ವೀಸಾದಲ್ಲಿ ಮಾನ್ಯತೆ. ಚಿಕಿತ್ಸೆಗೆಂದು ಬೆಂಗಳೂರಿನ ಆಸ್ಪತ್ರೆಗಳಿಗೆ ಬರಬಯಸುವ ಆಫ್ರಿಕಾ, ಪಶ್ಚಿಮ ಏಷ್ಯಾದ ರೋಗಿಗಳಿಗೆ ನಾವೂ ಇದೇ ಸೌಜನ್ಯ ತೋರಿದರೆ ನಮ್ಮ ಬೇಡಿಕೆಗೆ ತೂಕ ಬರುತ್ತದೆ. ಹೊಸ ಕಚೇರಿಯ ಕಿಟಕಿ ಎಲ್ಲಿ ತೆರೆದರೂ, ಅದರ ಮುಂದೆ ನಿಲ್ಲುವ ಪಿಂಚಣಿದಾರನಿಗೂ ಪಿ.ಜಿ.ಯ ಹುಡುಗಿಗೂ ಒಂದೇ ಬಗೆಯ ಉತ್ತರದಾಯಿತ್ವ ಸಲ್ಲಬೇಕು.